ಕಂಬದ ಕತೆ ಸಾಕು, ಮೆಟ್ಟಿಲಿನ ಕತೆ ಹೇಳಿ

ಪೋಸ್ಟು ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಮಾಡ್ಕೊಂಡು ಓದಿ. ತಕರಾರಿದ್ರೆ ಕಾಮೆಂಟಲ್ಲಿ ಆಡೋಣ.

ಹೋದ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಟೌನ್ ಹಾಲ್ ಮುಂದೆ ಹಾದು ಹೋಗ್ತಿದ್ದೆ. ಹದಿನೈದಿಪ್ಪತ್ತು ಜನರ ಒಂದು ಗುಂಪು ತಲೆ ಎತ್ತಿ ಕಟ್ಟಡ ನೋಡ್ತಾ ನಿಂತಿತ್ತು. ಹೆರಿಟೇಜ್ ವಾಕ್ ಅಂತೆ. ಗೈಡ್ ಹುಡುಗ ಚೆನ್ನಾಗಿ ಹೇಳ್ತಿದ್ದ, ನಾನೂ ಬದಿಗೆ ನಿಂತು ಕೇಳಿಸ್ಕೊಂಡೆ. 1933ರಲ್ಲಿ ಅಡಿಗಲ್ಲು. 1935ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ. ನಕ್ಷೆ ಎಸ್.ಎಚ್. ಲಕ್ಷ್ಮೀನರಸಪ್ಪನವರದ್ದು. ಹೆಸರು ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರದ್ದು. ಗ್ರೀಕ್-ರೋಮನ್ ಶೈಲಿಯ ಎತ್ತರದ ಕಂಬಗಳು, ಮೇಲೆ ತ್ರಿಕೋನದ ಮುಖ. ಎಲ್ಲವೂ ಸರಿ, ಒಂದೂ ಸುಳ್ಳಿಲ್ಲ.

ಕೊನೆಗೆ ನಾನು ಕೇಳಿದೆ: "ತಮ್ಮಾ, ಈ ಮೆಟ್ಟಿಲ ಮೇಲೆ ಏನೇನಾಯ್ತು ಅಂತ ಹೇಳಲ್ವಾ?"

ಹುಡುಗ ಮುಜುಗರದಿಂದ ನಕ್ಕ. "ಸರ್, ಅದು ಪೊಲಿಟಿಕಲ್ ಆಗುತ್ತೆ. ನಾವು ಆರ್ಕಿಟೆಕ್ಚರ್ ಮಾತ್ರ ಹೇಳೋದು."

ಅವನ ಮೇಲೆ ನಂಗೆ ಸಿಟ್ಟಿಲ್ಲ. ಅವನಿಗೆ ಹಾಗೆ ಕಲಿಸಿದ್ದಾರೆ. ಆದರೆ ಆ ಮಾತು ವಾರ ಪೂರ್ತಿ ತಲೇಲಿ ಕೊರೀತಾ ಇದೆ. ಹಂಗಾಗಿ ಈ ಪೋಸ್ಟು. ಆರ್ಕಿಟೆಕ್ಚರ್ ಮಾತ್ರಾನೇ ಹೇಳೋಣ ಬನ್ನಿ. ರಾಜಕೀಯ ಎಲ್ಲಿಂದ ಶುರುವಾಗುತ್ತೆ ಅಂತ ನೀವೇ ನೋಡಿ.

ಮುಂದೆ ಕಂಬ, ಹಿಂದೆ ಗಲ್ಲಿ

ಈ ಕಟ್ಟಡದ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್. ಅವರ ಬಗ್ಗೆ ನಮ್ಮ ಚಳವಳಿಗೆ ಗೌರವ ಇದೆ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಮಿಲ್ಲರ್ ಸಮಿತಿ ಮಾಡಿ, ಸರ್ಕಾರಿ ಕೆಲಸ ಒಂದೇ ಜಾತಿಯ ಆಸ್ತಿ ಅಲ್ಲ ಅಂದ ರಾಜ ಅವರು. ಪುಟ್ಟಣ್ಣ ಚೆಟ್ಟಿಯವರೂ ನಗರಸಭೆಯ ಅಧ್ಯಕ್ಷರಾಗಿ ಊರಿಗೆ ದುಡಿದವರು. ನನ್ನ ಜಗಳ ಸತ್ತವರ ಜೊತೆ ಅಲ್ಲ. ಅವರ ಹೆಸರಲ್ಲಿ ಇವತ್ತು ಇತಿಹಾಸಕ್ಕೆ ಬೇಲಿ ಹಾಕ್ತಿರೋರ ಜೊತೆ.

ಗ್ರೀಕ್ ಮಾದರಿಯ ಕಂಬ ಯಾಕೆ ಬೇಕಿತ್ತು? ಅವತ್ತಿನ ದೊಡ್ಡವರಿಗೆ ಅದರ ಅರ್ಥ ಗೊತ್ತಿತ್ತು. ಯುರೋಪಿನ ಊರುಗಳಲ್ಲಿ ನಾಗರಿಕರು ಸೇರಿ ಮಾತಾಡೋ ಕಟ್ಟಡಕ್ಕೆ ಇಂಥಾ ಮುಖ ಇಡ್ತಿದ್ರು. ನಮ್ಮಲ್ಲೂ ನಾಗರಿಕರಿದ್ದಾರೆ, ಸಭೆ ಇದೆ, ಚರ್ಚೆ ಇದೆ ಅಂತ ಸಾರೋಕೆ ಈ ಮುಖ. ಆಸೆ ಒಳ್ಳೇದೇ. ಆದರೆ ಆ ಕಾಲದಲ್ಲಿ ನಗರಸಭೆಗೆ ವೋಟು ಇದ್ದದ್ದು ತೆರಿಗೆ ಕಟ್ಟೋರಿಗೆ, ಆಸ್ತಿ ಇರೋರಿಗೆ, ಓದಿದೋರಿಗೆ. ಆಸ್ತಿ ಮಾಡೋಕೆ ಬಿಡದೆ, ಶಾಲೆ ಬಾಗಿಲಲ್ಲಿ ನಿಲ್ಲಿಸಿದ ಜನರಿಗೆ ಆ ಲೆಕ್ಕದಲ್ಲಿ ಎಷ್ಟು ವೋಟು ಸಿಕ್ಕಿರುತ್ತೆ ಅಂತ ಬಿಡಿಸಿ ಹೇಳ್ಬೇಕಾ?

ಇನ್ನೂ ಒಂದು ಆರ್ಕಿಟೆಕ್ಚರ್ ತೋರಿಸ್ತೀನಿ. ಟೌನ್ ಹಾಲ್‌ಗಿಂತ ಮೂರೂವರೆ ದಶಕದ ಹಿಂದೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಹೊರಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಗಲ ರಸ್ತೆ, ಗಾಳಿ ಬೆಳಕು, ಮರದ ಸಾಲು. ಹೆರಿಟೇಜ್‌ನವರು ಇವನ್ನೂ ಪ್ರೀತಿಯಿಂದ ತೋರಿಸ್ತಾರೆ. ಮುಂದಿನ ಸಲ ಅಲ್ಲಿಗೆ ಹೋದಾಗ ಮನೆಗಳ ಹಿಂದೆ ನೋಡಿ. ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು ಸೇರೋ ಕಡೆ ಒಂದು ಸಣ್ಣ ಗಲ್ಲಿ ಇರುತ್ತೆ. ಕನ್ಸರ್ವೆನ್ಸಿ ಲೇನ್ ಅಂತ ಅದರ ಹೆಸರು. ಅದು ಯಾಕಿತ್ತು ಗೊತ್ತಾ? ಮಲ ಬಾಚೋರು ಮುಂಬಾಗಿಲ ರಸ್ತೆಗೆ ಬರಬಾರದು, ಹಿಂದಿನಿಂದ ಬಂದು, ಹಿಂದಿನಿಂದಾನೇ ಹೊತ್ಕೊಂಡು ಹೋಗ್ಬೇಕು ಅಂತ.

ಮಳೆಗೋ, ನೆರಳಿಗೋ ಮಾಡಿದ ವಿನ್ಯಾಸ ಅಲ್ಲ ಇದು. ಜಾತಿಗೆ ನಕ್ಷೆ ಬರೆದು, ಅಳತೆ ಹಾಕಿ, ಮಂಜೂರು ಮಾಡಿದ ವಿನ್ಯಾಸ. ಎಂಜಿನಿಯರ್ ಸಹಿ ಇರೋ ಅಸ್ಪೃಶ್ಯತೆ. ಊರಿನ ಮುಂದೆ ಕಂಬ ನಿಲ್ಲಿಸಿದ ಆಡಳಿತವೇ ಮನೆಗಳ ಹಿಂದೆ ಈ ಗಲ್ಲಿಯನ್ನೂ ನಡೆಸ್ತಿತ್ತು. ಹೇಳಿ ತಮ್ಮಾ, ಇದರಲ್ಲಿ ಆರ್ಕಿಟೆಕ್ಚರ್ ಎಲ್ಲಿ ಮುಗಿದು ಪೊಲಿಟಿಕ್ಸ್ ಎಲ್ಲಿ ಶುರುವಾಯ್ತು?

ಪುರ, ಪೌರ, ಪೌರಕಾರ್ಮಿಕ

ಟೌನ್ ಹಾಲ್‌ಗೆ ಕನ್ನಡದಲ್ಲಿ ಪುರಭವನ ಅಂತೀವಿ. ಪುರ ಅಂದ್ರೆ ಊರು. ಪುರದಲ್ಲಿ ಇರೋನು ಪೌರ, ಅಂದ್ರೆ ನಾಗರಿಕ. ಕೇಳೋಕೆ ಚೆಂದ. ಆದರೆ ಈ ನಾಡಿನಲ್ಲಿ ಪುರಕ್ಕೆ ಯಾವತ್ತೂ ಒಂದು ಗಡಿ ಇತ್ತು, ಆ ಗಡಿಯ ಹೊರಗೆ ನಮ್ಮ ಕೇರಿ ಇತ್ತು. ಪುರದ ಕಸ, ಪುರದ ಸತ್ತ ದನ, ಪುರದ ಮಲ, ಎಲ್ಲವೂ ನಮ್ಮ ಪಾಲು. ಪುರ ಮಾತ್ರ ನಮ್ಮದಲ್ಲ.

ಆಮೇಲೆ ಸರ್ಕಾರ ನಮ್ಮವರನ್ನೂ 'ಪೌರ' ಅಂತ ಕರೆಯಿತು. ಹೇಗೆ? ಪೌರಕಾರ್ಮಿಕ ಅಂತ. ನಾಗರಿಕ ಅನ್ನೋ ಪದ ನಮಗೆ ಸಿಕ್ಕಿದ್ದು ಪೊರಕೆಯ ಜೊತೆಗೆ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. ದೇಶಕ್ಕೇ ಮೊದಲು ಅನ್ನೋ ಹಾಗೆ ನಿಲ್ಲಿಸಿದರು. ಐ.ಪಿ.ಡಿ. ಸಾಲಪ್ಪನವರ ಸಮಿತಿ 500 ಜನಸಂಖ್ಯೆಗೆ ಒಬ್ಬ ಕಾರ್ಮಿಕ ಇರಬೇಕು, ಅವರಿಗೆ ಮನೆ, ಮಕ್ಕಳಿಗೆ ಓದು ಸಿಗಬೇಕು ಅಂತ ಬರೀತು. ಆ ವರದಿ ಬಂದು ಅರ್ಧ ಶತಮಾನ ಆಗ್ತಾ ಬಂತು. ಇವತ್ತಿಗೂ ಪ್ರತಿ ಹೋರಾಟದಲ್ಲಿ ನಾವು ಅದೇ ವರದಿಯ ಹೆಸರು ಕೂಗ್ತಾ ಇದೀವಿ.

ನನ್ನ ಅವ್ವ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಕಸ ಗುಡಿಸ್ತಿದ್ದಳು. ಊರಿನ ಹೆಸರು ಬೇಡ, ನೀವು ನಿಮ್ಮೂರು ಅಂತಾನೇ ಇಟ್ಕೊಳ್ಳಿ. ಆ ಊರಲ್ಲೂ ಒಂದು ಹಳೇ ಟೌನ್ ಹಾಲ್ ಇತ್ತು. ಮಂಗಳೂರು ಹೆಂಚು, ದಪ್ಪ ಗೋಡೆ, ಮುಂದೆ ನಾಲ್ಕು ಕಂಬ, ಒಳಗೆ ಮಹಾರಾಜರ ಫೋಟೊ. ಸಭೆ ಇದ್ದ ದಿನ ಅವ್ವ ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ಗುಡಿಸಿ, ನೀರು ಚಿಮುಕಿಸಿ, ಕುರ್ಚಿ ಜೋಡಿಸಿ ಬರ್ತಿದ್ದಳು. ಸಭೆ ಶುರುವಾದ ಮೇಲೆ ಅವಳ ಜಾಗ ಹಿಂಬಾಗಿಲ ಹತ್ತಿರದ ನಲ್ಲಿ ಪಕ್ಕ. ಅವಳು ಜೋಡಿಸಿದ ಕುರ್ಚಿ ಮೇಲೆ ಅವಳು ಒಂದು ದಿನಾನೂ ಕೂತಿಲ್ಲ. "ಯಾಕವ್ವಾ, ಯಾರಾದ್ರೂ ಬೇಡ ಅಂದಿದ್ರಾ?" ಅಂತ ದೊಡ್ಡವನಾದ ಮೇಲೆ ಕೇಳಿದೆ. "ಯಾರೂ ಅಂದಿಲ್ಲ ಕಣಪ್ಪ. ಕೂತ್ಕೋ ಅಂತಾನೂ ಯಾರೂ ಅಂದಿಲ್ಲ" ಅಂದಳು.

ಗೆಳೆಯರೆ, ಪುರಭವನಗಳ ಇತಿಹಾಸ ಬರೆಯೋರು ಈ ಒಂದು ವಾಕ್ಯಾನೂ ಬರ್ಕೊಳ್ಳಲಿ.

ಮೆಟ್ಟಿಲು ಸಾರ್ವಜನಿಕ ಆದದ್ದು ಹೇಗೆ

ಈಗ ಬೆಂಗಳೂರಿನ ಮೆಟ್ಟಿಲಿಗೆ ಬರೋಣ. ನಕ್ಷೆ ಬರೆದವರು ಆ ಮೆಟ್ಟಿಲುಗಳನ್ನ ಇಟ್ಟಿದ್ದು ಕಟ್ಟಡಕ್ಕೆ ಗತ್ತು ಬರಲಿ ಅಂತ. ಕೆಳಗೆ ನಿಂತೋನು ತಲೆ ಎತ್ತಬೇಕು, ಹತ್ತಿ ಹೋಗೋನು ದೊಡ್ಡವನಾಗಿ ಕಾಣಬೇಕು. ಆದರೆ ಜನ ಅದನ್ನ ಬೇರೆ ಥರ ಓದಿದರು.

ಒಳಗಿನ ಹಾಲ್‌ಗೆ ಬಾಡಿಗೆ ಇದೆ, ಡೆಪಾಸಿಟ್ ಇದೆ, ಬುಕಿಂಗ್ ಇದೆ. ಮೆಟ್ಟಿಲಿಗೆ ಬಾಡಿಗೆ ಇರಲಿಲ್ಲ. ಕೆ.ಆರ್. ಮಾರ್ಕೆಟ್ ಬಸ್ ಇಳಿದ್ರೆ ನಡೆಯೋ ದೂರ. ಕಾರ್ಪೊರೇಷನ್ ಸ್ಟಾಪ್ ಕಣ್ಣಳತೆಯಲ್ಲಿ. ಗಾರ್ಮೆಂಟ್ಸ್ ಹೆಣ್ಮಗಳು ಶಿಫ್ಟ್ ಮುಗಿಸಿ ಒಂದೇ ಬಸ್ಸಲ್ಲಿ ಬರಬಹುದು. ಹಾಸ್ಟೆಲ್ ಹುಡುಗರು ನಡ್ಕೊಂಡೇ ಬರಬಹುದು. ಮೆಟ್ಟಿಲು ಗ್ಯಾಲರಿ ಥರ ಏರಿಕೊಂಡು ಹೋಗೋದ್ರಿಂದ ಹಿಂದಿನ ಸಾಲಲ್ಲಿ ಕೂತ ಅಜ್ಜಿಯ ಮುಖವೂ ರಸ್ತೆಗೆ ಕಾಣುತ್ತೆ. ಐವತ್ತು ಜನ ಕೂತರೂ ಸಭೆ ಅನಿಸುತ್ತೆ. ಎದುರಿನ ರಸ್ತೆಯಲ್ಲಿ ಬಸ್ಸು, ಆಟೊ, ಸ್ಕೂಟರು ಹೋಗ್ತಾ ಇರುತ್ತೆ, ಸಿಗ್ನಲ್ ಬಿದ್ದಾಗ ಜನ ಪ್ಲೆಕಾರ್ಡ್ ಓದ್ತಾರೆ. ಕೂಗಳತೆಯಲ್ಲಿ ಪಾಲಿಕೆಯ ಕಚೇರಿ. ಯಾರನ್ನ ಕೇಳಬೇಕೋ ಅವರಿಗೆ ಕೇಳಿಸುತ್ತೆ.

ಪ್ರತಿಭಟನೆಗೆ ಇದಕ್ಕಿಂತ ಒಳ್ಳೇ ವಿನ್ಯಾಸ ಯಾವ ಆರ್ಕಿಟೆಕ್ಟ್ ಬರೀತಾನೆ? ಇದನ್ನ ಯಾರೂ ಬರೀಲಿಲ್ಲ. ಜನ ಕೂತು ಕೂತು ಮಾಡಿದರು.

2016ರ ಜನವರಿಯಲ್ಲಿ ರೋಹಿತ್ ವೇಮುಲ ಹೋದಾಗ ನಮ್ಮ ಕೈಯಲ್ಲಿ ಇದ್ದದ್ದು ಒಂದು ಫೋಟೊ, ನಾಲ್ಕು ಮೇಣದ ಬತ್ತಿ. ಎಲ್ಲಿಗೆ ಹೋಗೋದು ಅಂತ ಯಾರೂ ಕೇಳಲಿಲ್ಲ. ಟೌನ್ ಹಾಲ್ ಅಂತ ಎಲ್ಲರಿಗೂ ಗೊತ್ತಿತ್ತು. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಅವರನ್ನ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಬೆಳಗಾಗ್ತಿದ್ದಂಗೆ ಜನ ಬಂದು ನಿಂತಿದ್ದು ಇಲ್ಲೇ. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರುದ್ಧ ಮಾತಾಡೋಕೆ ಬಂದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನ ಪೊಲೀಸರು ಎಳ್ಕೊಂಡು ಹೋಗಿದ್ದು ಇದೇ ಕಟ್ಟಡದ ಮುಂದೆ. ಅವತ್ತು ಹಾಕಿದ್ದ 144 ಸೆಕ್ಷನ್ ಕಾನೂನುಬಾಹಿರ ಅಂತ 2020ರ ಫೆಬ್ರುವರಿಯಲ್ಲಿ ಹೈಕೋರ್ಟೇ ಹೇಳ್ತು.

ಪೌರತ್ವದ ಪ್ರಶ್ನೆಯನ್ನ ಪುರಭವನದ ಮೆಟ್ಟಿಲ ಮೇಲೆ ಕೇಳಿದರು ನೋಡಿ. 1935ರಲ್ಲಿ ಆ ಕಂಬಗಳು ಸಾರಿದ್ದ ಮಾತನ್ನ ಎಂಬತ್ತು ವರ್ಷದ ಮೇಲೆ ನಿಜ ಮಾಡಿದ್ದು ಈ ಜನ. ಅಲ್ಲಿಯವರೆಗೆ ಅದು ಬರೀ ಕಲ್ಲು.

ನಿರ್ಣಯ ಅನ್ನೋ ಆಯುಧ

ಆಮೇಲೆ ಏನಾಯ್ತು ನಿಮಗೆ ಗೊತ್ತು. 2020ರ ಶುರುವಿನಲ್ಲಿ ಪಾಲಿಕೆಯ ಸಭೆ, ಟೌನ್ ಹಾಲ್ ಮುಂದೆ ಪ್ರತಿಭಟನೆ ಬೇಡ ಅಂತ ನಿರ್ಣಯ ಮಾಡ್ತು. ಬುಕಿಂಗ್ ಕಮ್ಮಿ ಆಗುತ್ತೆ, ಟ್ರಾಫಿಕ್ ಆಗುತ್ತೆ ಅನ್ನೋ ಕಾರಣ. 2021ರಲ್ಲಿ ಬೆಂಗಳೂರಿನ ಪ್ರತಿಭಟನೆಗಳಿಗೆ ಲೈಸೆನ್ಸ್ ಆದೇಶ ಬಂತು. ಈಗ ಏನಿದ್ರೂ ಫ್ರೀಡಂ ಪಾರ್ಕ್ ಒಂದೇ. ಬೇರೆ ಕಡೆ ನಿಂತರೆ ಎಫ್‌ಐಆರ್.

ಫ್ರೀಡಂ ಪಾರ್ಕ್ ಅಂದ್ರೆ ಏನು? ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದವರನ್ನ ಕೂಡಿ ಹಾಕಿದ್ದ ಜಾಗ. ಅದಕ್ಕೆ ಸ್ವಾತಂತ್ರ್ಯದ ಹೆಸರಿಟ್ಟು, ಅಲ್ಲೇ ಹೋಗಿ ಕೂಗ್ರಪ್ಪ ಅಂತಾರೆ. ಊರ ಕಣ್ಣಿಗೆ ಬೀಳದ ಹಾಗೆ, ಗೇಟಿನ ಒಳಗೆ. ನಂಗಂತೂ ಅದು ಇನ್ನೊಂದು ಕನ್ಸರ್ವೆನ್ಸಿ ಲೇನ್ ಥರಾನೇ ಕಾಣುತ್ತೆ. ಹಿಂದಿನಿಂದ ಬನ್ನಿ, ಹಿಂದಿನಿಂದ ಹೋಗಿ, ಮುಂಬಾಗಿಲಿಗೆ ವಾಸನೆ ಬರಬಾರದು.

ಟ್ರಾಫಿಕ್ ಅಂತೀರಾ? ವಿಐಪಿ ಕಾರಿಗೆ ಸಿಗ್ನಲ್ ನಿಲ್ಲಿಸಿದಾಗ ಟ್ರಾಫಿಕ್ ಆಗಲ್ವಾ? ಕಂಪನಿಗಳ ಮ್ಯಾರಥಾನ್‌ಗೆ ರಸ್ತೆ ಮುಚ್ಚಿದಾಗ? ಗಣೇಶನ ಮೆರವಣಿಗೆಗೆ? ಆಗೆಲ್ಲ ಊರು ಸೈರಿಸಿಕೊಳ್ಳುತ್ತೆ, ಸೈರಿಸಿಕೊಳ್ಳಲಿ. ನಮ್ಮ ಪ್ಲೆಕಾರ್ಡ್ ಬಂದಾಗ ಮಾತ್ರ ಆಂಬುಲೆನ್ಸ್ ನೆನಪಾಗುತ್ತೆ. ಕೋರ್ಟಿನ ಆದೇಶಕ್ಕೆ ಗೌರವ ಕೊಟ್ಟೇ ಕೇಳ್ತೀನಿ: ರಸ್ತೆ ಬಿಟ್ಟು ಮೆಟ್ಟಿಲ ಮೇಲೆ ಕೂತರೆ ಯಾವ ಟ್ರಾಫಿಕ್ ನಿಲ್ಲುತ್ತೆ?

ಸ್ಥಳೀಯ ಸಂಸ್ಥೆಯ ನಿರ್ಣಯ ಅಂದ್ರೆ ಏನು ಅಂತ ನಮಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಮಹಾಡ್ ಕಲಿಸಿದೆ. ಕೊಂಕಣದ ಆ ಸಣ್ಣ ಊರಿನ ಪುರಸಭೆ 1924ರಲ್ಲಿ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತ್ತು. ಕಾಗದದ ಮೇಲೆ. ಮೂರು ವರ್ಷ ಆದರೂ ಒಬ್ಬ ಅಸ್ಪೃಶ್ಯನೂ ಅಲ್ಲಿ ನೀರು ಮುಟ್ಟೋಕೆ ಆಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಆ ಕಾಗದಕ್ಕೆ ಜೀವ ಬಂತು. ಆಗ ಪುರಸಭೆ ಏನು ಮಾಡ್ತು? ಅದೇ ಆಗಸ್ಟ್‌ನಲ್ಲಿ ತನ್ನ ನಿರ್ಣಯ ತಾನೇ ವಾಪಸ್ ತಗೊಳ್ತು! ಬಾಂಬೆ ಹೈಕೋರ್ಟ್ ನಮ್ಮ ಪರ ಹೇಳೋ ಹೊತ್ತಿಗೆ 1937 ಆಗಿತ್ತು. ಹತ್ತು ವರ್ಷ.

ಅಂದ್ರೆ, ಹಕ್ಕು ಕಾಗದದಲ್ಲಿ ಇರೋವರೆಗೂ ಅವರಿಗೆ ಅಡ್ಡಿ ಇಲ್ಲ. ನಾವು ಅದನ್ನ ಬಳಸಿದ ದಿನ ನಿರ್ಣಯ ರದ್ದಾಗುತ್ತೆ.

ಇನ್ನೊಂದು ದಿನಾಂಕ ಹೇಳ್ತೀನಿ. ಬೆಂಗಳೂರಿನ ಪುರಭವನ ಉದ್ಘಾಟನೆ ಆದದ್ದು 1935ರ ಸೆಪ್ಟೆಂಬರ್ 11. ಒಂದು ತಿಂಗಳು ಎರಡು ದಿನದ ಮೇಲೆ, ಅಕ್ಟೋಬರ್ 13ರಂದು, ಯೇವಲಾದಲ್ಲಿ ಬಾಬಾಸಾಹೇಬರು ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಿಸಿದರು. ಒಂದು ಕಡೆ ನಾಗರಿಕರಿಗೆ ಅರಮನೆಯಂಥಾ ಬಾಗಿಲು ತೆರೀತು. ಇನ್ನೊಂದು ಕಡೆ, ಬಾಗಿಲು ತಟ್ಟಿ ತಟ್ಟಿ ಸಾಕಾದ ನಾಯಕ ಈ ಮನೆಯೇ ಬೇಡ ಅಂದರು. ಎರಡೂ ಒಂದೇ ದೇಶದ ಇತಿಹಾಸ. ಹೆರಿಟೇಜ್ ವಾಕ್‌ನಲ್ಲಿ ಒಂದೇ ಹೇಳ್ತಾರೆ.

ಸವಣೂರನ್ನ ಮರೆತಿಲ್ಲ

ಇದು ಬೆಂಗಳೂರಿನ ಕತೆ, ನಮ್ಮೂರಿಗೇನು ಅನ್ನೋರು ಸವಣೂರು ನೆನಪಿಸಿಕೊಳ್ಳಿ. ಹಾವೇರಿ ಜಿಲ್ಲೆಯ, ನವಾಬರ ಕಾಲದ ಹಳೇ ಪಟ್ಟಣ. ತಲೆಮಾರುಗಳಿಂದ ಆ ಊರಿನ ಮಲ ಬಾಚಿದ ಭಂಗಿ ಕುಟುಂಬಗಳನ್ನ ಅವರು ವಾಸವಿದ್ದ ಜಾಗದಿಂದ ಎಬ್ಬಿಸೋಕೆ ಹೊರಟರು. ವಾಣಿಜ್ಯ ಸಂಕೀರ್ಣ ಕಟ್ಟೋಕೆ. ಅರ್ಜಿ ಕೊಟ್ಟರು, ಯಾರೂ ಓದಲಿಲ್ಲ. 2010ರ ಜುಲೈನಲ್ಲಿ ಅವರು ಪುರಸಭೆ ಕಚೇರಿ ಮುಂದೆ ಬಂದು ಮಲವನ್ನೇ ಮೈಮೇಲೆ ಸುರಿದುಕೊಂಡರು. ಆಗ ನಾಡು ತಿರುಗಿ ನೋಡ್ತು. ಆಗ ಮಂತ್ರಿಗಳು, ಅಧಿಕಾರಿಗಳು ಓಡಿ ಬಂದರು.

ಯೋಚನೆ ಮಾಡಿ. ಅದನ್ನ ಊರಾಚೆಯ ಯಾವುದೋ ಬಯಲಲ್ಲಿ ಮಾಡಿದ್ದರೆ ಯಾರಾದ್ರೂ ನೋಡ್ತಿದ್ರಾ? ಪುರಸಭೆಯ ಮುಂದೆಯೇ ಯಾಕೆ ನಿಂತರು? ಯಾಕಂದ್ರೆ ಆ ಬಾಗಿಲಿಗೂ ಅವರ ಬದುಕಿಗೂ ನೇರ ಲೆಕ್ಕ ಇತ್ತು. ಪ್ರತಿಭಟನೆಗೆ ಜಾಗ ಮುಖ್ಯ. ಜಾಗ ಬದಲಾಯಿಸೋದು ಅಂದ್ರೆ ಪ್ರತಿಭಟನೆಯ ನಾಲಿಗೆ ಕತ್ತರಿಸೋದು.

ನಮ್ಮವರಿಗೂ ಒಂದು ಮಾತು

ಈಗ ಕಹಿ ಮಾತು. ಬೇಜಾರು ಮಾಡ್ಕೋಬೇಡಿ.

ತಾಲೂಕಿಗೊಂದು ಅಂಬೇಡ್ಕರ್ ಭವನ ಕೇಳ್ತಾ ಬಂದಿದ್ದೀವಿ, ನಾನೂ ಅರ್ಜಿಗೆ ಸಹಿ ಹಾಕಿದ್ದೀನಿ. ತಪ್ಪಲ್ಲ. ಮದುವೆಗೆ ಛತ್ರ ಕೊಡದ ಊರುಗಳಲ್ಲಿ ನಮಗೊಂದು ಸೂರು ಬೇಕಿತ್ತು. ಆದರೆ ಅದರ ಇನ್ನೊಂದು ಮುಖ ನೋಡಿ. ಭವನ ಬಂದ ಮೇಲೆ ಏನಾಗಿದೆ? ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಪುರಭವನ ಕೇಳೋಕೆ ಹೋದರೆ, "ನಿಮಗೆ ನಿಮ್ಮ ಭವನ ಇದೆಯಲ್ಲ" ಅಂತಾರೆ. ಊರಿಗೊಂದು ಹಾಲ್, ಕೇರಿಗೊಂದು ಹಾಲ್. ಹಳೇ ನಕ್ಷೆಗೆ ಹೊಸ ಸುಣ್ಣ. ಎಷ್ಟೋ ಕಡೆ ಆ ಭವನವೂ ಪಿಲ್ಲರ್ ಎದ್ದು, ಕಂಬಿ ತುಕ್ಕು ಹಿಡಿದು, ಅರ್ಧಕ್ಕೇ ನಿಂತಿದೆ. ಪೂರ್ತಿ ಆದದ್ದು ಊರಾಚೆ ಬೈಪಾಸ್ ಹತ್ತಿರ.

ಬಾಬಾಸಾಹೇಬರು ಮಹಾಡ್‌ನಲ್ಲಿ ನಮಗೆ ಬೇರೆ ಕೆರೆ ತೋಡಿಸಿ ಕೊಡಿ ಅಂತ ಕೇಳಲಿಲ್ಲ. ಊರ ಕೆರೆಯಲ್ಲೇ ಕೈ ಹಾಕಿದರು. ಭವನ ಇರಲಿ, ಬೇಡ ಅನ್ನಲ್ಲ. ಆದರೆ ಭವನ ಸಿಕ್ತು ಅಂತ ಪುರಭವನ ಬಿಟ್ಟುಕೊಡಬೇಡಿ. ಮುಂದಿನ ಜಯಂತಿಗೆ ನಿಮ್ಮೂರ ಟೌನ್ ಹಾಲ್‌ನಲ್ಲೇ ಜಾಗ ಕೇಳಿ. ಅರ್ಜಿ ಬರವಣಿಗೆಯಲ್ಲಿ ಕೊಡಿ. ಇಲ್ಲ ಅಂದ್ರೆ ಬರವಣಿಗೆಯಲ್ಲೇ ಉತ್ತರ ಕೇಳಿ.

ಏನು ಬೇಕು

ಸುಮ್ನೆ ಬೈದು ಹೋಗೋಕೆ ಬರೆದಿಲ್ಲ. ಬೇಡಿಕೆ ಇದೆ.

ಒಂದು: ಬೆಂಗಳೂರು ಪುರಭವನದ ಮೆಟ್ಟಿಲುಗಳು ಶಾಂತಿಯುತ ಸಭೆಗೆ ಮತ್ತೆ ತೆರೆಯಲಿ. ರಸ್ತೆಗೆ ಇಳಿಯಬೇಡಿ ಅನ್ನೋ ಷರತ್ತು ಹಾಕಿ, ಸಮಯ ನಿಗದಿ ಮಾಡಿ, ಒಪ್ಪಿಕೊಳ್ತೀವಿ. ಹಳೇ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ಐದು ಹೊಸ ಪಾಲಿಕೆ ಬಂದಿವೆ. ಬೋರ್ಡು ಬದಲಾದ ಹಾಗೆ ಬುದ್ಧಿಯೂ ಬದಲಾಗಲಿ.

ಎರಡು: ಆ ಕಟ್ಟಡದ ಇತಿಹಾಸ ಬರೆಯೋ ಫಲಕ ಇದ್ದರೆ ಅದರಲ್ಲಿ ಅಡಿಗಲ್ಲು ಹಾಕಿದವರ ಜೊತೆ ಮೆಟ್ಟಿಲ ಮೇಲೆ ಕೂತವರ ಬಗ್ಗೆಯೂ ನಾಲ್ಕು ಸಾಲು ಇರಲಿ. ದಿನಾ ಬೆಳಿಗ್ಗೆ ಗುಡಿಸೋರ ಬಗ್ಗೆಯೂ.

ಮೂರು: ರಾಜ್ಯದ ಪ್ರತಿ ಪುರಭವನದಲ್ಲಿ ಪೌರಕಾರ್ಮಿಕರಿಗೆ ಕೂರೋಕೆ ಒಂದು ಕೋಣೆ, ಒಂದು ಶೌಚಾಲಯ, ಕುಡಿಯೋ ನೀರು. ಹಿಂಬಾಗಿಲಲ್ಲಿ ಅಲ್ಲ, ಒಳಗೆ.

ನಾಲ್ಕು: ಇದು ನಿಮಗೆ. ಟೌನ್ ಹಾಲ್ ಮೆಟ್ಟಿಲ ಮೇಲೆ ನೀವು ಕೂತ ಹಳೇ ಫೋಟೊ ಫೋನಲ್ಲಿ ಇರುತ್ತೆ, ಹುಡುಕಿ. ದಿನಾಂಕ, ಯಾವ ಹೋರಾಟ ಅಂತ ಬರೆದು ಕಾಮೆಂಟಲ್ಲಿ ಹಾಕಿ. ನಿಮ್ಮೂರ ಪುರಸಭೆ ಮುಂದಿನದಾದ್ರೂ ಹಾಕಿ. ಕಂಬದ ಫೋಟೊ ತೆಗೆಯೋರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಇತಿಹಾಸ ನಾವು ಇಟ್ಟುಕೊಳ್ಳದೆ ಹೋದರೆ ನಾಳೆ ಆ ಹುಡುಗ ಹೇಳಿದ್ದೇ ನಿಜ ಆಗುತ್ತೆ.

ಅವ್ವ ಈಗ ಇಲ್ಲ. ಹೋದ ವರ್ಷ ಆ ಊರಿಗೆ ಹೋದಾಗ ಹಳೇ ಟೌನ್ ಹಾಲ್‌ಗೆ ಬಣ್ಣ ಹೊಡೀತಿದ್ರು. ಬಾಗಿಲು ತೆರೆದಿತ್ತು. ಒಳಗೆ ಹೋಗಿ ಮೊದಲನೇ ಸಾಲಿನ ಕುರ್ಚಿ ಮೇಲೆ ಐದು ನಿಮಿಷ ಕೂತೆ. ಬಣ್ಣ ಹೊಡೆಯೋನು "ಯಾರು ಬೇಕಿತ್ತು ಸಾರ್?" ಅಂದ. "ಯಾರೂ ಬೇಡ ಕಣಪ್ಪ, ಕೂತ್ಕೊಳ್ಳೋಕೆ ಬಂದೆ" ಅಂದೆ.

ಜೈ ಭೀಮ್.